ಭೀತಿಬೀಗ

ಪಿಸ್ತೂಲು ಪರೀಕ್ಷೆಗೆಂದು ಕಟ್ಟಿದ ಅಣಕು ಓಣಿಯ ತಿರುವಿನಲ್ಲಿ ಮಚ್ಚು ಹಿಡಿದ ಬೊಂಬೆ ಧಡಕ್ಕನೆ ಎದ್ದು ನಿಂತಾಗ ಸಬ್ ಇನ್ಸ್‌ಪೆಕ್ಟರ್ ನೀಲಗಂಗಾ ಬಡಿಗೇರ ತನ್ನ ಪಿಸ್ತೂಲಿನ ಟ್ರಿಗರ್ ಎಳೆದಳು. ಗುಂಡು ಹಾರಲಿಲ್ಲ. ಪಿಸ್ತೂಲಿನ ಬೆನ್ನ ಮೇಲಿದ್ದ, ಸಾಸಿವೆ ಕಾಳಿನಷ್ಟು ಚಿಕ್ಕ ದೀಪ ಕೆಂಪಗೆ ಹೊತ್ತಿಕೊಂಡಿತು. ಸುತ್ತ ನಿಂತಿದ್ದ ಹತ್ತೊಂಬತ್ತು ಮಂದಿ ಅದನ್ನು ನೋಡಿದರು. ಶಸ್ತ್ರಾಗಾರದ ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ, ಆರ್ಮರರ್ ಹವಾಲ್ದಾರ ಮೌನೇಶಪ್ಪನೂ ನೋಡಿದ.

ಆ ದೀಪದ ಕಥೆ ಇಷ್ಟು. ಎರಡು ವರ್ಷದ ಹಿಂದೆ ಬಳೆ ಮಾರುವ ಮುದುಕನೊಬ್ಬ ಪೊಲೀಸರ ಮುಂದೆ ಜೋಳಿಗೆಯೊಳಗೆ ಕೈ ಹಾಕಿದ್ದ. ಗಾಬರಿಬಿದ್ದ ಪೇದೆ ಗುಂಡು ಹಾರಿಸಿಬಿಟ್ಟ. ಜೋಳಿಗೆಯಲ್ಲಿ ಬಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಗುಂಡು ಮುದುಕನನ್ನು ತೂರಿಕೊಂಡು ಹೋಗಿ ಹಿಂದೆ ನಿಂತಿದ್ದ ಹೆಂಗಸಿಗೂ ತಾಗಿತ್ತು. ಊರು ರೊಚ್ಚಿಗೆದ್ದ ಮೇಲೆ ಸರ್ಕಾರಕ್ಕೆ ಎಂದಿನಂತೆ ತಡವಾಗಿ ಎಚ್ಚರವಾಯಿತು. ಮೈ ತೂರಿ ಹೋಗದ, ದಪ್ಪ ಗುಂಡಿನ ಪಿಸ್ತೂಲು ಬೇಕೆಂದು ತೀರ್ಮಾನವಾಯಿತು. ಗಾಬರಿಯಲ್ಲಿ ಹಾರದಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು ಎಂದರು.

ಅಂತಿಮ ಪರೀಕ್ಷೆಗೆ ಬಂದದ್ದು ಎರಡು. ಎರಡರದ್ದೂ ಹನ್ನೊಂದೂವರೆ ಮಿಲಿಮೀಟರಿನ ನಳಿಗೆ, ಎರಡೂ ತಾವೇ ಮುಂದಿನ ಗುಂಡು ತುಂಬಿಕೊಳ್ಳುವಂಥವು. ‘ಗರುಡ’ ಹಗುರ, ಹತ್ತು ಗುಂಡು ಹಿಡಿಯುತ್ತಿತ್ತು, ನಾನೂರು ಸುತ್ತಿನಲ್ಲಿ ಒಮ್ಮೆ ಮಾತ್ರ ಸಿಕ್ಕಿಕೊಂಡಿತ್ತು. ‘ವಜ್ರ’ ಭಾರ, ಏಳೇ ಗುಂಡು. ಆದರೆ ಅದರ ಹಿಡಿಕೆಯಲ್ಲಿ ಡಾ. ಕಾತ್ಯಾಯಿನಿ ಮುಧೋಳ ಕಂಡುಹಿಡಿದ ಭೀತಿಬೀಗವಿತ್ತು. ಹಿಡಿಕೆಗೆ ಅಂಟಿಸಿದ ತೆಳುವಾದ ಸಂವೇದಕ ಪೊರೆ ಅಂಗೈಯ ಬೆವರನ್ನೂ ನಾಡಿಯನ್ನೂ ಓದಿ ಭಯವನ್ನು ಅಳೆಯುತ್ತಿತ್ತು. ಭಯ ಮಿತಿಯೊಳಗಿದ್ದರೆ ಹಸಿರು ದೀಪ. ಮಿತಿ ಮೀರಿತೋ, ಕೆಂಪು ದೀಪ ಹೊತ್ತಿ ಟ್ರಿಗರ್‌ಗೆ ಬೀಗ ಬೀಳುತ್ತಿತ್ತು.

ಮೊದಲ ದಿನ ಇಪ್ಪತ್ತು ಜನರಲ್ಲಿ ಹನ್ನೊಂದು ಮಂದಿಗೆ ಕೆಂಪು ಬಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದ ನೀಲಗಂಗಾ ರೊಟ್ಟಿ ಮುರಿಯಲೇ ಇಲ್ಲ.

“ನನಗ ಹೆದರಿಕಿ ಅದ ಅಂತ ಎಲ್ಲಾರಿಗೂ ಕಾಣ್ತು ಅಪ್ಪಾ.”

“ಹೆದರಲಾರದವ್ರು ಯಾರದಾರ ನನ್ನವ್ವಾ? ಆ ಬೊಂಬಿ ಎದ್ದಾಗ ಇಲ್ಲಿ ನಿಂತ ನನ್ನ ಎದಿನೂ ಝಲ್ ಅಂತು.”

ಮೌನೇಶಪ್ಪ ಮನಸ್ಸಿನಲ್ಲೇ ಗರುಡವನ್ನು ಆರಿಸಿಯಾಗಿತ್ತು. ಪಿಸ್ತೂಲು ಆರಿಸುವ ಸಮಿತಿಯಲ್ಲಿ ದೊಡ್ಡವರು ಎಷ್ಟೇ ಇರಲಿ, ಮೂವತ್ತು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಮೌನೇಶಪ್ಪ ಬರೆದುಕೊಡದೆ ಯಾರೂ ಸಹಿ ಹಾಕುತ್ತಿರಲಿಲ್ಲ. ಅವನು ಬರೆದ ಪಿಸ್ತೂಲೇ ನಾಳೆ ಮಗಳ ಸೊಂಟಕ್ಕೆ ಬರುವುದಿತ್ತು. ತಾಯಿಯಿಲ್ಲದ ಹುಡುಗಿ. ಅವಳು ಸಂಜೆ ಮನೆಗೆ ಮರಳುವುದಕ್ಕಿಂತ ದೊಡ್ಡ ಲೆಕ್ಕ ಅವನಿಗೆ ಇರಲಿಲ್ಲ.

ಮರುದಿನ ಖಂಡೇನವಮಿ, ಪರೀಕ್ಷೆಗೆ ಬಿಡುವು. ಶಸ್ತ್ರಾಗಾರದಲ್ಲಿ ಕಂಬಳಿ ಹಾಸಿ ಆಯುಧಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡಿದರು. ಪರೀಕ್ಷೆಗೆ ಬಂದವು ಅತಿಥಿಗಳಿದ್ದಂತೆ, ಬಿಡಬಾರದು ಎಂದು ಮೌನೇಶಪ್ಪ ಅವಕ್ಕೂ ಧಾರಾಳವಾಗಿ ಗಂಧ ಕುಂಕುಮ ಮೆತ್ತಿದ. ಕೈ ಹಿಡಿಯುವ ಜಾಗಕ್ಕೇ ಮೊದಲು ಹಚ್ಚಬೇಕು, ಹಚ್ಚಿದ್ದನ್ನು ಉಜ್ಜಿ ತೆಗೆಯಬಾರದು, ಅದು ತಾನಾಗಿ ಹೋಗಬೇಕು. ಅಲ್ಲಿನ ವಾಡಿಕೆಯೇ ಹಾಗೆ. ಮರುದಿನ ಬೆಳಿಗ್ಗೆ ಹೂವು ತೆಗೆದು, ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ ಓಣಿಗೆ ಕಳಿಸಿದ.

ಅಂದು ವಜ್ರದ ದೀಪ ಯಾರ ಕೈಯಲ್ಲೂ ಕೆಂಪಾಗಲಿಲ್ಲ! ನೀಲಗಂಗಾಳ ಏಳು ಗುಂಡೂ ಬೊಂಬೆಯ ಎದೆಗೇ ಬಿದ್ದವು. ಅವಳು ದೀಪವನ್ನು ಅಪ್ಪನತ್ತ ತಿರುಗಿಸಿ ತೋರಿಸಿ ನಕ್ಕಳು. ಡಾ. ಕಾತ್ಯಾಯಿನಿ ಇದನ್ನು ಮೊದಲೇ ನಿರೀಕ್ಷಿಸಿದ್ದರಂತೆ. ಬೀಗಕ್ಕೆ ಕಲಿಯುವ ಗುಣವಿದೆ, ಮೊದಲ ದಿನ ಅಪರಿಚಿತವಾಗಿದ್ದ ಕೈಗಳು ಈಗ ಅದಕ್ಕೆ ಪರಿಚಯವಾಗಿವೆ ಎಂದು ಸಮಿತಿಗೆ ವಿವರಿಸಿದರು. ಓದಿದವರು ಹೇಳಿದ ಮೇಲೆ ಇಲ್ಲವೆನ್ನಲು ಮೌನೇಶಪ್ಪ ಯಾರು? ಮಗಳ ನಗು ಬೇರೆ ಕಣ್ಣೆದುರಿಗಿತ್ತು. ಬಳೆಗಾರನೂ ಸಾಯುವುದಿಲ್ಲ, ಮಗಳೂ ಸಾಯುವುದಿಲ್ಲ ಎಂದುಕೊಂಡು ವಜ್ರ ಎಂದು ಬರೆದುಕೊಟ್ಟ.

ಕಾರ್ಖಾನೆಯಿಂದ ಹೊಸ ವಜ್ರಗಳು ಎಣ್ಣೆಕಾಗದ ಸುತ್ತಿಕೊಂಡು ಬಂದವು. ಐದು ತಿಂಗಳ ನಂತರ ಒಂದು ಬೆಳಿಗ್ಗೆ, ಸಂತೆ ಬಯಲಿನಲ್ಲಿ ಹೆಂಡತಿಯನ್ನು ಕಡಿದು ನಿಂತವನನ್ನು ಹಿಡಿಯಲು ನೀಲಗಂಗಾ ಹೋದಳು. ಅವನು ಮಚ್ಚು ಎತ್ತಿ ಓಡಿಬಂದ. ಜೊತೆಗಿದ್ದ ಪೇದೆ ಹೇಳಿದ್ದು ಇಷ್ಟೇ: ಮೇಡಂ ಮೂರು ಸಲ ಟ್ರಿಗರ್ ಎಳೆದರು, ದೀಪ ಕೆಂಪಗಿತ್ತು.

ವಿಚಾರಣೆಯ ವರದಿಯನ್ನು ಮೌನೇಶಪ್ಪನಿಗೆ ಓದಿ ಹೇಳಿದರು. ಅಧಿಕಾರಿ ಭಯಗೊಂಡಿದ್ದರಿಂದ ಆಯುಧವು ನಿಯಮಾನುಸಾರ ಸರಿಯಾಗಿಯೇ ವರ್ತಿಸಿದೆ ಎಂದಿತ್ತು. ಅವನು ಹೊರಬಂದು ನಳದ ಕೆಳಗೆ ತಲೆಯಿಟ್ಟು ಬಹಳ ಹೊತ್ತು ಕೂತ. ಕೆಲಸ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಕೂತು ಯಾರ ಮುಖ ನೋಡುವುದು?

ಮತ್ತೆ ಖಂಡೇನವಮಿ ಬಂತು. ಡಾ. ಕಾತ್ಯಾಯಿನಿಯವರೂ ಬಂದಿದ್ದರು. ಆ ಸಾವಿನ ನಂತರ ಅವರಿಗೂ ಸಮಾಧಾನವಿರಲಿಲ್ಲವಂತೆ. ಮೌನೇಶಪ್ಪ ಮಗಳ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದ. ಎತ್ತಿದೊಡನೆ ಅವನ ಕೈ ಗಡಗಡ ನಡುಗಿತು, ದೀಪ ಕೆಂಪಾಯಿತು. ಕಣ್ಣೀರು ಒರೆಸಿಕೊಳ್ಳುತ್ತಲೇ ಹಿಡಿಕೆಗೆ ಗಂಧ ಮೆತ್ತಿ, ಅದರ ಮೇಲೆ ಕುಂಕುಮ ಒತ್ತಿ, ಪಿಸ್ತೂಲನ್ನು ಎದೆಗವಚಿಕೊಂಡ. ನಡುಕ ಮೊದಲಿನದಕ್ಕಿಂತ ಹೆಚ್ಚಾಗಿತ್ತು. ದೀಪ ಹಸಿರಾಯಿತು.

ಅವನು ಹಿಡಿಕೆ ತೊಳೆದು ಮತ್ತೆ ಹಿಡಿದ. ಕೆಂಪು. ಮತ್ತೆ ಮೆತ್ತಿದ. ಹಸಿರು. ನೋಡುತ್ತ ನಿಂತಿದ್ದ ಡಾ. ಕಾತ್ಯಾಯಿನಿ ಮೆಲ್ಲಗೆ ಗುಂಡಿನ ಪೆಟ್ಟಿಗೆಯ ಮೇಲೆ ಕುಳಿತರು. ಪೊರೆ ಗಂಧದಡಿ ಮುಚ್ಚಿಹೋದರೆ ಅದಕ್ಕೆ ಕೈಯೇ ಕಾಣುವುದಿಲ್ಲ, ಕಾಣದಿದ್ದಾಗ ಶಾಂತವಾಗಿದೆ ಎಂದೇ ತಿಳಿಯುತ್ತದೆ. ಹೋದ ವರ್ಷದ ಆ ಪರೀಕ್ಷೆಯಲ್ಲಿ ಬೀಗ ಏನನ್ನೂ ಕಲಿತಿರಲಿಲ್ಲ.

“ನಾನಽ ಹಚ್ಚಿದ್ದು ಡಾಕ್ಟರ್ ಬಾಯಾರ, ಅವತ್ತು,” ಎಂದ ಮೌನೇಶಪ್ಪ. “ನನ್ನ ಕೈಲೆ ನನ್ನ ಮಗಳನ್ನ…”

ಹೊರಗೆ ಅರವತ್ತು ಮಂದಿ ತಂತಮ್ಮ ವಜ್ರಗಳನ್ನು ಹಿಡಿದು ಪೂಜೆಗೆ ಸಾಲುಗಟ್ಟಿದ್ದರು. ವರದಿ ಬರೆಯುತ್ತೇನೆ, ಆದರೆ ಪಿಸ್ತೂಲು ಬದಲಾಗಲು ವರ್ಷಗಳೇ ಬೇಕು ಎಂದು ಡಾ. ಕಾತ್ಯಾಯಿನಿ ಹೇಳಿದರು. ಆಮೇಲೆ ಗಂಧ ಕುಂಕುಮದ ತಟ್ಟೆಯತ್ತ ನೋಡಿದರು.

“ಹಿಡಿಕೆಗೆ ಹಚ್ಚಬೇಡಿ ಮೌನೇಶಪ್ಪನವರೇ. ಹಚ್ಚಿದರೆ ಇನ್ನೊಬ್ಬ ಬಳೆಗಾರ ಸಾಯುತ್ತಾನೆ.”

“ಹಚ್ಚಲಿಲ್ಲಂದ್ರ?”

ಅವರು ನೀಲಗಂಗಾಳ ಪಿಸ್ತೂಲನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

ಮೌನೇಶಪ್ಪ ತಟ್ಟೆ ಹಿಡಿದು ಹೊರಗೆ ಬಂದ. ಸಾಲಿನ ಮೊದಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಂತಿದ್ದಳು. ಅವಳು ಎರಡೂ ಕೈಯಲ್ಲಿ ಪಿಸ್ತೂಲು ಮುಂದೆ ಚಾಚಿದಳು. ನಿನಗೆ ಹೆದರಿಕೆಯಾಗುತ್ತದೆಯೇ ಎಂದು ಅವನು ಮೆಲ್ಲಗೆ ಕೇಳಿದ. ಅವಳು ಪಕ್ಕದಲ್ಲಿದ್ದ ಸಾಹೇಬರನ್ನು ಒಮ್ಮೆ ನೋಡಿ, “ಇಲ್ರಿ” ಎಂದಳು. ಅವಳ ಕೈಯಲ್ಲಿ ದೀಪ ಕೆಂಪಗಿತ್ತು.

ಅವನು ಬಳೆಗಾರನನ್ನು ನೆನೆದ. ನೆನೆಯುತ್ತಲೇ ಹಿಡಿಕೆಯ ತುಂಬ ಗಂಧ ಮೆತ್ತಿ, ಹೆಬ್ಬೆರಳಿನಿಂದ ಕುಂಕುಮ ಒತ್ತಿದ. ದೀಪ ಹಸಿರಾಯಿತು. ಹುಡುಗಿ ಕಣ್ಣಿಗೊತ್ತಿಕೊಂಡು ಸರಿದಳು. ಹಿಂದೆ ಇನ್ನೂ ಐವತ್ತೊಂಬತ್ತು ಮಂದಿ ನಿಂತಿದ್ದರು.