ಎರಡು ಸಲ ಒತ್ತಿದರೆ...

ಅವನು ಅವಳನ್ನು ಮೊದಲ ಸಲ ಮುಟ್ಟಿದ್ದೇ ಎತ್ತಿ ಎಸೆಯುವುದಕ್ಕೆ!

ನಗಬೇಡಿ. ಕೆಲವರ ಪ್ರೀತಿ ಬಸ್ ಸ್ಟಾಪಿನಲ್ಲಿ ಶುರುವಾಗುತ್ತದೆ, ಕೆಲವರದು ಮದುವೆಮನೆಯಲ್ಲಿ. ಇವರದು ಶುರುವಾಗಿದ್ದು ಕುಸ್ತಿ ತಂಡದ ಪ್ರ್ಯಾಕ್ಟೀಸ್ ಹಾಲಿನಲ್ಲಿ, ರಿಂಗಿನ ನಟ್ಟನಡುವೆ, ಬೆಳಿಗ್ಗೆ ಏಳು ಗಂಟೆಗೆ.

ರಿಂಗಿನಲ್ಲಿ ಅವಳ ಹೆಸರು ಕಿಡಿ. ಸೋದರಮಾವ ನಡೆಸುವ ತಂಡದಲ್ಲಿ ಐದು ವರ್ಷದಿಂದ ಕುಸ್ತಿಯಾಡುತ್ತಿದ್ದಾಳೆ. ಅವನ ಹೆಸರು ಗುಡುಗು. ಬೇರೆ ತಂಡದಿಂದ ಅವತ್ತಷ್ಟೇ ಬಂದವನು. ಆರಡಿ ಎರಡಿಂಚು ಎತ್ತರ, ನೂರ ಐದು ಕೆ.ಜಿ. ತೂಕ. ಹೆಸರು ಗುಡುಗು ಅಂತಿದ್ದರೂ ಇಡೀ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಎತ್ತಲಾ?" ಎಂದು ಕೇಳಿದ.

"ಎತ್ತೋಕೆ ತಾನೇ ಬಂದಿರೋದು?" ಎಂದಳು ಕಿಡಿ.

ಎತ್ತಿದ. ಅವಳನ್ನು ಎಷ್ಟೋ ಜನ ಎತ್ತಿದ್ದಾರೆ, ಎಸೆದಿದ್ದಾರೆ. ಅದು ಅವಳ ಕೆಲಸ. ಆದರೆ ಅವತ್ತು ಆ ಭುಜದ ಮೇಲಿದ್ದ ಎರಡು ಕ್ಷಣ ಅವಳ ಎದೆ ಯಾಕೋ ಧಸಕ್ಕೆಂದಿತು. 'ಛೇ, ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ' ಎಂದುಕೊಂಡಳು.

ಧಡ್! ಬೆನ್ನು ಚಾಪೆಗೆ ಬಡಿಯಿತು. ಚೆನ್ನಾಗಿ ಬಿದ್ದಿದ್ದಳು, ಒಂಚೂರೂ ನೋವಿರಲಿಲ್ಲ. ಅವನು ಪಕ್ಕದಲ್ಲಿ ಮೊಣಕಾಲೂರಿ, ಕೈ ತಿರುಚುವವನಂತೆ ನಟಿಸುತ್ತಾ ಅವಳ ಮಣಿಕಟ್ಟನ್ನು ಒಂದು ಸಲ ಮೆಲ್ಲಗೆ ಒತ್ತಿದ.

ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಬೀಳುವುದು ಮಾತ್ರ ನಿಜ. ಜನರ ಎದುರು 'ಪೆಟ್ಟಾಯ್ತಾ' ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಹಾಗಾಗಿ ಕೈಯಲ್ಲೇ ಕೇಳುತ್ತಾರೆ. ಒಂದು ಸಲ ಒತ್ತಿದರೆ 'ಹೇಗಿದ್ದೀಯ' ಎಂಬ ಪ್ರಶ್ನೆ. ತಿರುಗಿ ಎರಡು ಸಲ ಒತ್ತಿದರೆ 'ಚೆನ್ನಾಗಿದ್ದೀನಿ, ಮುಂದುವರಿ' ಎಂಬ ಉತ್ತರ. ಮಾವ ಅವಳಿಗೆ ಮೊದಲ ದಿನ ಕಲಿಸಿದ್ದೇ ಇದನ್ನು.

ಕಿಡಿ ಜೋರಾಗಿ ಎರಡು ಸಲ ಒತ್ತಿದಳು.

ಅವನು ತಟ್ಟನೆ ಕೈಬಿಟ್ಟ. ಮುಂದಿನ ಪಟ್ಟು ಹಾಕಲೇ ಇಲ್ಲ. ಅವಳ ಬೆನ್ನಿಗೆ ಕೈಕೊಟ್ಟು ಮೆತ್ತಗೆ ಎಬ್ಬಿಸಿ ಕೂರಿಸಿ, "ನೀರು ಕುಡೀರಿ" ಎಂದ.

'ನೀರಾ? ಇವನಿಗೇನು ತಲೆ ಕೆಟ್ಟಿದೆಯಾ?!'

ಆಮೇಲೆ ದಿನಾ ಇದೇ ಕಥೆ. ಅವಳು ಎರಡು ಸಲ ಒತ್ತುವುದು, ಅವನು ನಿಲ್ಲಿಸುವುದು. ಬರಬರುತ್ತಾ ಅವಳನ್ನು ಎತ್ತುವಾಗ ಗಾಜಿನ ಲೋಟ ಎತ್ತುವವನ ಹಾಗೆ ಎತ್ತತೊಡಗಿದ. ಕಿಡಿಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕ, ಅವನು ನನ್ನನ್ನ ಏನಂದ್ಕೊಂಡಿದಾನೆ? ಹೆಣ್ಣು ಅಂತ ಕನಿಕರಾನಾ?" ಎಂದು ತಂಡದ ಬಟ್ಟೆ ಹೊಲಿಯುವ ಟೈಲರಕ್ಕನ ಹತ್ತಿರ ಗೋಳು ತೋಡಿಕೊಂಡಳು.

ಟೈಲರಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕಳು. "ನಂಗೇನ್ ಗೊತ್ತೇ? ಹುಡುಗ ಮಾತ್ರ ಚಿನ್ನ. ಕಿತ್ತುಹೋದ ಮೊಣಕಾಲು ಪಟ್ಟೀನ ತಾನೇ ಹೊಲ್ಕೋತಾನೆ. ನೀನು ಐದು ವರ್ಷದಲ್ಲಿ ಒಂದು ಗುಂಡಿ ಹಾಕಿದೀಯಾ?"

"ನಾನೇನ್ ಕೇಳಿದೆ, ನೀನೇನ್ ಹೇಳ್ತಿದೀಯ?"

"ನೀನು ಮೂರು ದಿನದಿಂದ ಬರೀ ಅವನ ವಿಷಯಾನೇ ಕೇಳ್ತಿದೀಯ, ಅದನ್ನ ಹೇಳ್ತಿದೀನಿ."

ಕಿಡಿಯ ಕೆನ್ನೆ ಕೆಂಪಾಯಿತು. ಸುಳ್ಳು ಯಾಕೆ? ಅವಳ ಕಣ್ಣು ಅವನ ಬೆನ್ನ ಹಿಂದೆಯೇ ಸುತ್ತುತ್ತಿತ್ತು. ಹಾಲಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಸ್ಪ್ಯಾನರ್ ಹಿಡಿದು ಉಕ್ಕಿನ ಪಂಜರದ ಒಂದೊಂದು ಬೋಲ್ಟನ್ನೂ ಬಿಗಿಮಾಡುತ್ತಿದ್ದ. ಅವಳು ಹತ್ತುವ ಮೂಲೆಯನ್ನು ಎರಡೆರಡು ಸಲ ನೋಡುತ್ತಿದ್ದ.

ಹೌದು, ಪಂಜರ! ತಂಡದ ಈ ವರ್ಷದ ದೊಡ್ಡ ಪಂದ್ಯ. ರಿಂಗಿನ ಸುತ್ತ ಹದಿನೈದು ಅಡಿಯ ಉಕ್ಕಿನ ಜಾಲರಿ, ಒಳಗೆ ಮೂರು ಜೋಡಿಗಳು. ಒಂದು ಅಣ್ಣ-ತಂಗಿ ಜೋಡಿ, ಇನ್ನೊಂದು ಗಂಡ-ಹೆಂಡತಿ ಜೋಡಿ, ಮೂರನೆಯದು ಕಿಡಿ ಮತ್ತು ಗುಡುಗು. ಯಾವ ಜೋಡಿಯ ಇಬ್ಬರ ಕಾಲೂ ಮೊದಲು ಪಂಜರದ ಹೊರಗಿನ ನೆಲ ಮುಟ್ಟುತ್ತದೋ ಆ ಜೋಡಿ ಗೆದ್ದಂತೆ.

ಅದರಲ್ಲಿ ಒಂದು ಹಾರಾಟವಿತ್ತು. ಪಂಜರದ ತುದಿಯಿಂದ ಒಳಗೆ, ಕೆಳಗೆ ನಿಂತವರ ಮೇಲೆ! ಎಲ್ಲರ ಮುಂದೆ ನಿಂತು, ಹಾರಿದವಳ ಭಾರ ತಡೆಯುವುದು ಜೊತೆಗಾರನ ಕೆಲಸ. ಕಿಡಿ ಐದು ವರ್ಷದಿಂದ ಈ ಹಾರಾಟ ಕೊಡು ಎಂದು ಮಾವನ ಬೆನ್ನುಬಿದ್ದಿದ್ದಳು. ಮಾವ ಐದು ವರ್ಷವೂ "ಇನ್ನೂ ಕಾಲ ಬಂದಿಲ್ಲ ಪುಟ್ಟಿ" ಎಂದು ತಳ್ಳಿಹಾಕಿದ್ದ. ಈ ಸಲ ಅಂತೂ ಒಪ್ಪಿದ್ದ. ಇದು ಕೈತಪ್ಪಿದರೆ ಇನ್ನೊಮ್ಮೆ ಕೇಳುವ ಮುಖ ಅವಳಿಗಿರಲಿಲ್ಲ.

ಪಂದ್ಯಕ್ಕೆ ಎರಡು ದಿನ ಮುಂಚೆ ಮಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗುಡುಗಿನ ದನಿ.

"ಸಾರ್, ಅವರು ಮೇಲಿಂದ ಹಾರೋದು ಬೇಡ."

ಕಿಡಿಯ ಕಾಲುಗಳು ಅಲ್ಲೇ ನಿಂತವು.

"ಯಾಕಪ್ಪಾ, ಏನಾಯ್ತು?" ಮಾವ ಕೇಳಿದ.

"ಅವರಿಂದ ಆಗಲ್ಲ ಸಾರ್. ಬಾಯಿಬಿಟ್ಟು ಹೇಳಲ್ಲ, ಅಷ್ಟೇ."

"ನೋಡು, ಹಾರೋದು ಅವಳಿಗೆ ಬಿಟ್ಟಿದ್ದು, ಹಿಡಿಯೋದು ನಿನಗೆ ಬಿಟ್ಟಿದ್ದು. ನೀವಿಬ್ರೇ ಮಾತಾಡ್ಕೊಳ್ಳಿ. ನನ್ನ ತಲೆ ತಿನ್ಬೇಡಿ."

ಹೊರಗೆ ಬಂದವನ ಎದುರು ಕಿಡಿ ಅಡ್ಡ ನಿಂತಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು.

"ನನ್ನಿಂದ ಆಗಲ್ಲ ಅನ್ನೋಕೆ ನೀವ್ಯಾರ್ರೀ?"

ಅವನ ಮುಖ ಬಾಡಿತು. "ಯಾಕೆ ಅಂತ ನಿಮಗೇ ಗೊತ್ತು."

"ನನಗೇನೂ ಗೊತ್ತಿಲ್ಲ!"

"ದಿನಾ ನೀವೇ ಹೇಳ್ತಿದೀರಲ್ಲ..."

"ನಾನೇನು ಹೇಳ್ದೆ? ನೀವು ಬಾಯಿಬಿಟ್ಟು ಮಾತಾಡಿದ್ರೆ ತಾನೇ ನಾನು ಏನಾದ್ರೂ ಹೇಳೋದು? ಕೇಳಿ, ನಾಡಿದ್ದು ನಾನು ಹಾರೇ ಹಾರ್ತೀನಿ. ಹಿಡಿಯೋಕೆ ಇಷ್ಟ ಇಲ್ದಿದ್ರೆ ಪಕ್ಕಕ್ಕೆ ಸರೀರಿ!"

ದಡದಡನೆ ಹೊರಟುಹೋದಳು. ಮನಸ್ಸು ಮಾತ್ರ ಅಲ್ಲೇ ನಿಂತು ಅಳುತ್ತಿತ್ತು. 'ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ನೋವಾಗ್ತಿರಲಿಲ್ಲ. ಇವನೇ ಅನ್ನಬೇಕಿತ್ತಾ?'

ಪಂದ್ಯದ ಸಂಜೆ ಹಾಲ್ ತುಂಬಿ ತುಳುಕುತ್ತಿತ್ತು. ಎರಡು ಸಾವಿರ ಜನ, ಒಂದೇ ಗದ್ದಲ. ಪಂಜರದ ಬಾಗಿಲು ಠಣ್ ಎಂದು ಮುಚ್ಚಿತು.

ಮೊದಲ ಹತ್ತು ನಿಮಿಷ ಏನು ಸೊಗಸು! ಅಣ್ಣ ಜಾಲರಿ ಹತ್ತಿದರೆ ಗಂಡ ಕಾಲು ಹಿಡಿದೆಳೆಯುತ್ತಿದ್ದ. ತಂಗಿ ಬಾಗಿಲ ಕಡೆ ತೆವಳಿದರೆ ಹೆಂಡತಿ ಜುಟ್ಟು ಹಿಡಿಯುತ್ತಿದ್ದಳು. ಗಂಡ-ಹೆಂಡತಿ ನಡುನಡುವೆ ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುವುದನ್ನು ನೋಡಿ ಜನ ಬಿದ್ದುಬಿದ್ದು ನಕ್ಕರು. ಕಿಡಿ ಹೊಡೆದಳು, ಬಿದ್ದಳು, ಎದ್ದಳು. ಗುಡುಗಿನ ಮುಖ ಮಾತ್ರ ನೋಡಲಿಲ್ಲ.

ಆಮೇಲೆ ಗಂಡ ಗುಡುಗನ್ನು ಹಿಡಿದು ಜಾಲರಿಗೆ ಎಸೆದ. ಅದು ಮಾತಾಡಿಕೊಂಡಿದ್ದೇ. ಆದರೆ ಗುಡುಗಿನ ಕಾಲು ಜಾರಿತು. ಎಡಭುಜ ಮೊದಲು ಕಂಬಕ್ಕೆ ಬಡಿಯಿತು, ಮೈ ಅದರ ಮೇಲೆ ಬಿತ್ತು.

ಕಿಡಿ ಅವನನ್ನು ಎಬ್ಬಿಸುವವಳಂತೆ ಬಾಗಿ ಕೈ ಹಿಡಿದಳು. ಒಂದು ಸಲ ಒತ್ತಿದಳು.

ಅವನು ಎರಡು ಸಲ ಒತ್ತಿದ.

'ಸದ್ಯ! ಏನೂ ಆಗಿಲ್ಲ.' ಅವಳು ಮೂಲೆಗೆ ಓಡಿ ಜಾಲರಿ ಹತ್ತತೊಡಗಿದಳು. ಐದಡಿ... ಹತ್ತಡಿ... ಹದಿನೈದಡಿ! ತುದಿಯ ಕಂಬಿಯ ಮೇಲೆ ಎದ್ದು ನಿಂತಾಗ ಇಡೀ ಹಾಲ್ ಎದ್ದು ನಿಂತಿತು.

"ಹಾರು! ಹಾರು! ಹಾರು!"

ಐದು ವರ್ಷ ಕಾದ ಕ್ಷಣ. ಕಿಡಿ ಎರಡೂ ಕೈ ಚಾಚಿ ಕೆಳಗೆ ನೋಡಿದಳು. ಉಳಿದ ಎರಡೂ ಜೋಡಿಯವರು ಹೇಳಿಕೊಟ್ಟಂತೆ ತೂರಾಡುತ್ತಾ ಒಂದೇ ಕಡೆ ಸೇರಿದ್ದರು. ಎಲ್ಲರ ಮುಂದೆ ಗುಡುಗು. ಬಲಗೈ ಮೇಲೆತ್ತಿ ನಿಂತಿದ್ದ.

ಬಲಗೈ ಮಾತ್ರ. ಎಡಗೈ ಮೈಗೆ ಸಂಬಂಧವೇ ಇಲ್ಲದಂತೆ ಜೋತುಬಿದ್ದಿತ್ತು. ಮುಖ ಬಿಳುಚಿತ್ತು, ತುಟಿ ಕಚ್ಚಿಕೊಂಡಿದ್ದ.

'ಚೆನ್ನಾಗಿದೀನಿ ಅಂದ್ನಲ್ಲ? ಎರಡು ಸಲ ಒತ್ತಿದ್ನಲ್ಲ? ಇವನು ಸುಳ್ಳು ಹೇಳೋನಲ್ಲ... ಹಾಗಾದ್ರೆ... ಇವನ ತಂಡದಲ್ಲಿ ಎರಡು ಸಲ ಒತ್ತಿದ್ರೆ...'

ಕಿಡಿ ಚಾಚಿದ್ದ ಕೈ ಇಳಿಸಿದಳು.

'ಅಯ್ಯೋ! ನಿಲ್ಲಿಸು ಅಂತ! ನೋವಾಗಿದೆ, ನಿಲ್ಲಿಸು ಅಂತ!'

ಮೂರು ವಾರ ಒಂದೇ ಉಸಿರಿಗೆ ಕಣ್ಣಮುಂದೆ ಬಂತು. ಅವಳು ಒತ್ತಿದಾಗಲೆಲ್ಲ ಅವನು ಕೈಬಿಟ್ಟಿದ್ದು, ನೀರು ಕೊಟ್ಟಿದ್ದು, ಹಾರೋದು ಬೇಡ ಎಂದಿದ್ದು... ಕನಿಕರವಲ್ಲ, ಅವಮಾನವಲ್ಲ. ನೋವಾಗುತ್ತಿದೆ ಎಂದು ಅವಳೇ ದಿನಾ ಹೇಳುತ್ತಿದ್ದಳು, ಅವನು ಪ್ರತಿಸಲವೂ ಕೇಳಿಸಿಕೊಂಡಿದ್ದ. ಇವತ್ತು ಅವನು ನಿಲ್ಲಿಸು ಎಂದಾಗ ಅವಳು ಬೆನ್ನು ತಿರುಗಿಸಿ ಮೇಲೆ ಹತ್ತಿದ್ದಳು. ಆದರೂ ಅವನು ಪಕ್ಕಕ್ಕೆ ಸರಿದಿಲ್ಲ. ಒಂದೇ ಕೈ ಎತ್ತಿ ನಿಂತಿದ್ದಾನೆ, ಇವಳು ಹಾರಿದರೆ ಹಿಡಿಯಬೇಕಲ್ಲ ಎಂದು.

ಅವನ ತುಟಿ ಅಲುಗಿತು. "ಬನ್ನಿ" ಎಂದ.

"ಹಾರು! ಹಾರು!" ಎಂದು ಜನ ಕಾಲು ಕುಟ್ಟುತ್ತಿದ್ದರು.

ಕಿಡಿ ಹಾರಲಿಲ್ಲ. ಜಾಲರಿ ಹಿಡಿದು ಸರಸರನೆ ಒಳಕ್ಕೇ ಇಳಿದಳು. ಹಾಲ್ ತುಂಬ "ಊ..." ಎಂಬ ಕೂಗು ಎದ್ದಿತು. ಯಾರೋ ಖಾಲಿ ಬಾಟಲಿ ಎಸೆದರು. ಎಸೆದುಕೊಳ್ಳಲಿ! ಅವಳಿಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು.

ಹೆಂಡತಿಯ ಜುಟ್ಟು ಹಿಡಿದು ಕಿವಿಯಲ್ಲಿ, "ಅಕ್ಕ, ಅವನ ಭುಜ ಹೋಗಿದೆ. ಇವರನ್ನೆಲ್ಲ ತಡಿ" ಎಂದಳು.

ಆ ಪುಣ್ಯಾತ್ಗಿತ್ತಿಗೆ ಎರಡನೇ ಮಾತು ಬೇಕಾಗಲಿಲ್ಲ. ಅಣ್ಣ-ತಂಗಿ ಇಬ್ಬರನ್ನೂ ಒಟ್ಟಿಗೆ ಮೂಲೆಗೆ ಒತ್ತಿದಳು. ದಾರಿಗೆ ಅಡ್ಡವಿದ್ದ ಸ್ವಂತ ಗಂಡನಿಗೂ ಒಂದು ಬಿಟ್ಟಳು!

ಕಿಡಿ ಗುಡುಗಿನ ಮುಂದೆ ಬಗ್ಗಿ ನಿಂತಳು. "ಏಯ್, ಬೆನ್ನೇರು!"

"ನೂರ ಐದು ಕೆ.ಜಿ. ಇದೀನ್ರೀ..."

"ತೂಕ ಆಮೇಲೆ ಹೇಳು, ಮೊದಲು ಏರು!"

ಎತ್ತಿದಳು. ಸೊಂಟ ಅಯ್ಯೋ ಎಂದಿತು, ತೊಡೆ ಗಡಗಡ ನಡುಗಿತು. ಒಂದು ಹೆಜ್ಜೆ... ಎರಡು... ಕೂಗುತ್ತಿದ್ದ ಜನ ಗಪ್ಪೆಂದರು. ಆರನೇ ಹೆಜ್ಜೆಗೆ ಬಾಗಿಲು. ಹೊರಗೆ ಕಾವಲಿದ್ದ ಹುಡುಗ ಅದನ್ನು ತೆರೆದ. ಹೊರಗಿನ ಮೆಟ್ಟಿಲಿಳಿದು ಅವನನ್ನು ನೆಲಕ್ಕೆ ನಿಲ್ಲಿಸಿದಳು. ನಾಲ್ಕೂ ಕಾಲು ನೆಲ ಮುಟ್ಟಿದವು.

ಗಂಟೆ ಹೊಡೆಯಿತು. ಚಾವಣಿ ಹಾರಿಹೋಗುವ ಹಾಗೆ ಎರಡು ಸಾವಿರ ಜನ ಕೂಗಿದರು!

ಡ್ರೆಸ್ಸಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಭುಜದ ಮೂಳೆ ಕೂರಿಸಿ, ಪಟ್ಟಿ ಕಟ್ಟಿ, "ಮೂರು ತಿಂಗಳು ಅಲುಗಾಡಬಾರದು" ಎಂದು ಗದರಿ ಹೋದರು. ಇಬ್ಬರೇ ಉಳಿದರು.

"ನಿಮ್ಮಲ್ಲಿ ಎರಡು ಸಲ ಅಂದ್ರೆ ನಿಲ್ಲಿಸು ಅಂತಾನಾ?" ಮೆಲ್ಲಗೆ ಕೇಳಿದಳು ಕಿಡಿ.

"ಮತ್ತೇನು? ಒಂದು ಸಲ ಅಂದ್ರೆ ಸರಿ, ಎರಡು ಅಂದ್ರೆ ನಿಲ್ಲಿಸು. ನಿಮ್ಮಲ್ಲಿ?"

"ಮುಂದುವರಿ ಅಂತ."

ಅವನು ಬಾಯಿ ಬಿಟ್ಟುಕೊಂಡು ನೋಡಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಭುಜ ನೋಯಿತು, "ಅಮ್ಮಾ" ಎಂದ, ಮತ್ತೆ ನಕ್ಕ. ನಗುತ್ತಲೇ ಅವಳ ಕಣ್ಣಿಂದ ನೀರು ಸುರಿಯಿತು.

"ಹುಚ್ಚ! ಒಂದು ಕೈ ಇಟ್ಕೊಂಡು ಯಾಕೆ ನಿಂತಿದ್ದೆ? ನಾನು ಹಾರಿದ್ರೆ ಏನಾಗ್ತಿತ್ತು ಗೊತ್ತಾ?"

"ಗೊತ್ತಿತ್ತು. ನಾನು ಸರಿದಿದ್ರೆ ನಿಮಗೆ ಏನಾಗ್ತಿತ್ತು ಅಂತಾನೂ ಗೊತ್ತಿತ್ತು." ಅವನು ತಲೆ ತಗ್ಗಿಸಿದ. "ಮೂರು ವಾರದಿಂದ ನನ್ನ ಕೈಯಿಂದ ನಿಮಗೆ ನೋವಾಗ್ತಿದೆ ಅಂದ್ಕೊಂಡು ಸಾಯ್ತಿದ್ದೆ. ತಂಡ ಬಿಟ್ಟು ಹೋಗೋಣ ಅಂತಾನೂ ಇದ್ದೆ. ಹೋಗೋಕಾಗಲಿಲ್ಲ."

"ಯಾಕೆ?"

"ಬೆಳಿಗ್ಗೆ ನೀವು ಬರ್ತೀರಲ್ಲ, ಅದಕ್ಕೆ." ಪಟ್ಟಿ ಕಟ್ಟದ ಕೈಯನ್ನು ಅವಳ ಕಡೆ ಚಾಚಿದ. "ಹಾಗಾದ್ರೆ ಇಷ್ಟು ದಿನ ನೀವು ನನಗೆ ಹೇಳ್ತಿದ್ದಿದ್ದು ಮುಂದುವರಿ ಅಂತಾನಾ?"

"ಹೂಂ."

"ಮುಂದುವರೀಲಾ?"

ಕಿಡಿ ಕಣ್ಣೊರೆಸಿಕೊಂಡಳು. "ಬೇಗ. ಮಾವ ಬರ್ತಾನೆ."

"ನಾನು ನಿಮ್ಮನ್ನ ಪ್ರೀತಿಸ್ತೀನಿ."

"'ನೀನು' ಅಂತ ಅನ್ನು."

"ನಿನ್ನನ್ನ ಪ್ರೀತಿಸ್ತೀನಿ."

"ನಾನೂನು" ಎಂದವಳೇ ಅವನ ಬಲಭುಜಕ್ಕೆ ಹಣೆ ಒತ್ತಿದಳು.

ಮಾವ ಬಂದೇಬಿಟ್ಟ! ಬಾಗಿಲಲ್ಲಿ ಜೋರಾಗಿ ಕೆಮ್ಮಿದ. ಕಿಡಿ ಸರಕ್ಕನೆ ಎದ್ದು ನಿಂತಳು.

"ಮಾವ, ಹಾರಲಿಲ್ಲ. ತಪ್ಪಾಯ್ತು."

ಮಾವ ಅವಳನ್ನೇ ದಿಟ್ಟಿಸಿದ. "ಐದು ವರ್ಷ ನಿಂಗ್ಯಾಕೆ ಕೊಡಲಿಲ್ಲ ಗೊತ್ತಾ? ನಿಂಗೆ ಹಾರೋಕೆ ಬರಲ್ಲ ಅಂತಲ್ಲ. ತುದೀಲಿ ನಿಂತಾಗ ಜನ ಕೂಗ್ತಾರೆ, ಕೆಳಗಿರೋನು ಕಾಣಲ್ಲ. ಇವತ್ತು ನಿಂಗೆ ಕಾಣಿಸ್ತು. ಇನ್ಮೇಲೆ ಪಂಜರದ ಹಾರಾಟ ನಿಂದೇ ಪುಟ್ಟಿ, ಕೇಳ್ಕೊಂಡು ಬರೋದು ಬೇಡ." ಗುಡುಗಿನ ಭುಜದ ಪಟ್ಟಿಯ ಕಡೆ ನೋಡಿದ. "ಮುಂದಿನ ತಿಂಗಳ ಆಟಕ್ಕೆ ಬೇರೆ ಜೊತೆಗಾರನ್ನ ನೋಡ್ಲಾ?"

"ಬೇಡ ಮಾವ. ಮೂರು ತಿಂಗಳು ತಾನೇ? ಕಾಯ್ತೀನಿ."

ಮಾವ ಇಬ್ಬರನ್ನೂ ಒಮ್ಮೆ ನೋಡಿ, ಮೀಸೆಯಡಿ ನಕ್ಕು, ಬಾಗಿಲು ಎಳೆದುಕೊಂಡು ಹೋದ.

"ಮೂರು ತಿಂಗಳು ಏನ್ಮಾಡ್ತೀಯ?" ಗುಡುಗು ಕೇಳಿದ.

"ನಿನ್ನ ಹೊತ್ಕೊಂಡು ಓಡಾಡ್ತೀನಿ."

"ಭಾರ ಆಗಲ್ವಾ?"

"ಆಗುತ್ತೆ," ಎಂದಳು ಕಿಡಿ, ಅವನ ಪಕ್ಕದಲ್ಲಿ ಕೂರುತ್ತಾ. "ಇರ್ಲಿ ಬಿಡು, ನನ್ನೋನೇ ತಾನೇ."