ಹಿತ್ತಾಳೆ ಕುದುರೆ

ಅವರು ಮೊದಲ ದಿನ ಅಂಗಡಿಗೆ ಬಂದಾಗ ನಾನು ಮುಖ ನೋಡಲಿಲ್ಲ, ಕೈ ನೋಡಿದೆ. ಎಡಗೈಯ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ನೇಯುವವರ ಕೈ ಹಾಗೆ ಜಡ್ಡುಗಟ್ಟುವುದಿಲ್ಲ. ಇದು ಬೇರೆ ಯಾವುದೋ ಕಸುಬು ಅಂದುಕೊಂಡು ಕೆಲಸ ಮುಂದುವರಿಸಿದೆ.

ಅದು ೧೯೭೪. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅಪ್ಪ ಚಿನ್ನಸ್ವಾಮಿಯವರದು ಮಗ್ಗ ರಿಪೇರಿ ಅಂಗಡಿ. ಮರದ ಕೆಲಸ ಅಪ್ಪನದು, ಹಿತ್ತಾಳೆಗೆ ಅರ ಹಾಕಿ ಉಜ್ಜುವುದು ನನ್ನದು. ನನಗೆ ಇಪ್ಪತ್ತಮೂರು. ಎರಡು ಸಂಬಂಧ ಬಂದು ಹೋಗಿದ್ದವು, ಆ ಬಗ್ಗೆ ಬೇಸರವೇನೂ ಇರಲಿಲ್ಲ.

ಬಂದವರು ಮುಳ್ಳೂರಿನ ಷಡಕ್ಷರಿ, ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವರು. ಚೀಲದಿಂದ ಗಿಟಾರ್ ತೆಗೆದು ಮೇಜಿನ ಮೇಲೆ ಮಲಗಿಸಿದರು. ನಾಲ್ಕು ದಪ್ಪ ತಂತಿ. ಅವು ಕೂರುವ ಕೆಳಗಿನ ತಗಡು ತುಕ್ಕು ತಿಂದು ಬಿರುಕು ಬಿಟ್ಟಿತ್ತು.

“ಬ್ರಿಡ್ಜ್ ಅಂತಾರೆ ಯಜಮಾನ್ರೆ. ವೀಣೆಗೆ ಕುದುರೆ ಇರಲ್ವಾ, ಅಂಗೆ. ಶನಿವಾರ ಮೈಸೂರ್ ಹೋಟ್ಲು ಬ್ಯಾಂಡ್ನೋರು ನನ್ ಕೈ ನೋಡ್ತರಂತೆ. ಒಪ್ಪುದ್ರೆ ಅಲ್ಲೇ ಕೆಲ್ಸ.”

ಬೆಂಗಳೂರಿಂದ ತರಿಸಿದ್ದ ಹೊಸ ಬ್ರಿಡ್ಜ್ ಒಂದು ಅವರ ಜೇಬಲ್ಲೇ ಇತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಅದರ ಸ್ಕ್ರೂ ತೂತುಗಳು ಗಿಟಾರಿನ ಹಳೆಯ ತೂತುಗಳಿಗೆ ಹೊಂದುತ್ತಿರಲಿಲ್ಲ.

“ಪಕ್ದಲ್ಲೇ ಕೊರುದ್ರೆ ಮರ ಸೀಳ್ತದೆ,” ಎಂದರು ಅಪ್ಪ. “ಹಿತ್ತಾಳೇಲಿ ನಮ್ ರತ್ನ ಮಾಡ್ಕೊಡ್ತಳೆ ಬುಡಿ.”

“ಎಲ್ಡೂ ಇರ್ಲಿ. ನೋಡ್ಕಂಡು ಯಾವ್ದು ಅಂತ ಏಳ್ತೀನಿ,” ಎಂದರು ಷಡಕ್ಷರಿ. ಹೇಳುವಾಗ ಬ್ರಿಡ್ಜ್ ನೋಡುತ್ತಿರಲಿಲ್ಲ. ನನಗೆ ಅದು ಕಂಡಿತು, ಕಾಣದವಳ ಹಾಗೆ ಅಳತೆ ತೆಗೆದುಕೊಂಡೆ.

ಮರುದಿನ ಬಂದರು. ಅದರ ಮರುದಿನವೂ ಬಂದು ಸ್ಟೂಲು ಎಳೆದುಕೊಂಡು ಕೂತರು.

“ದಿನಾ ಬಂದು ಕೂತ್ರೆ ಕೆಲ್ಸ ಬಿರ್ನೆ ಆಯ್ತದಾ?” ಎಂದೆ.

“ಬಿರ್ನೆ ಆಗ್ದೇ ಇರ್ಲಿ ಅಂತ್ಲೇ ಬರದು ಕಣ್ರಿ.”

ಅರ ಜಾರಿತು. ಅಪ್ಪ ಕೆಮ್ಮಿದರು.

ಕೆಲಸ ಚೆನ್ನಾಗಿ ಆದಷ್ಟೂ ಈ ಮನುಷ್ಯ ಮೈಸೂರಿಗೆ ಹೋಗುವುದು ಖಂಡಿತ, ಅದು ನನಗೆ ಗೊತ್ತಿತ್ತು. ಹೋಗಬಾರದು ಅನ್ನಿಸತೊಡಗಿತ್ತು. ಅದನ್ನೂ ತಿಳಿದುಕೊಂಡೇ ಚೆನ್ನಾಗಿ ಮಾಡಿದೆ. ಕೆಟ್ಟ ಕೆಲಸ ಮಾಡುವುದು ನನಗೆ ಬರುತ್ತಿರಲಿಲ್ಲ.

ಗುರುವಾರ ಮುಗಿಯಿತು. ಹಿತ್ತಾಳೆ ತಗಡಿನ ಮೇಲೆ ತಂತಿಗೊಂದರಂತೆ ನಾಲ್ಕು ಪುಟ್ಟ ಕುದುರೆ, ಒಂದೇ ಸಾಲಲ್ಲಿ. ಅಳತೆಪಟ್ಟಿ ಇಟ್ಟು ನೋಡಿದೆ, ಕೂದಲೆಳೆ ಸಂದಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಯಾವುದೇ ಎಳೆ ಸಾಲು ಬಿಟ್ಟು ನಿಂತರೆ ಮೈ ಉರಿಯುತ್ತದೆ.

ಷಡಕ್ಷರಿ ತಂತಿ ಕಟ್ಟಿ ನುಡಿಸಿದರು. “ಚಂದಾಗಿ ಅದೆ. ಇದೇ ಸಾಕು.”

ನಾನು ಚಿಕ್ಕವಳಿದ್ದಾಗಿನಿಂದ ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಯನ್ನು ಬೆರಳಲ್ಲಿ ಮೀಟಿ ಬಿಗಿ ನೋಡಿದವಳು. ದಪ್ಪ ತಂತಿಯನ್ನು ಮೇಲಿನ ಮೆಟ್ಟಿನಲ್ಲಿ ಒತ್ತಿದಾಗ ದನಿ ಬೇಕಾದದ್ದಕ್ಕಿಂತ ಏರಿದ್ದು ನನಗೆ ಕೇಳಿತ್ತು.

“ಸುಳ್ಳೇಳ್ತಿದ್ದೀರಿ. ಎಲ್ಲಿ ತಪ್ಪು ಅದೆ?”

ಅವರು ತಲೆ ತಗ್ಗಿಸಿದರು. “ಕುದುರೆ ಒಂದೇ ಸಾಲಲ್ಲಿ ನಿಲ್ಬಾರ್ದು. ತಂತಿ ದಪ್ಪ ಆದಂಗೆ ಒಸಿ ಹಿಂದಿಕ್ಕೆ ಓಗ್ಬೇಕು. ಮೊದ್ಲೇ ಏಳ್ಬೇಕಿತ್ತು, ಮರ್ತೆ. ಅಷ್ಟ್ ಕಷ್ಟಪಟ್ಟು ಉಜ್ಜಿದ್ರಲ್ಲ, ಈಗ ಎಂಗ್ ಏಳದು?”

“ಇದ್ನೇ ತಕಂಡೋಗಿ, ಅವ್ರು ಬ್ಯಾಡ ಅಂದ್ರೆ?”

“ಬ್ಯಾಡ ಅಂದ್ರೆ ವಾಪಸ್ ಇಲ್ಗೇ ತಾನೇ ಬರದು.”

ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ‘ಹಾಗಾದರೆ ಇದೇ ಇರಲಿ’ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮುಗಿದುಹೋಗುತ್ತಿತ್ತು.

“ತಂತಿ ಬಿಚ್ಚಿ,” ಎಂದೆ. “ಇನ್ನೊಂದ್ಸಲ ಸುಳ್ಳೇಳುದ್ರೆ ಅಂಗ್ಡಿ ಮೆಟ್ಲತ್ತ್‌ಬೇಡಿ.”

ಕುದುರೆಗಳ ಸ್ಕ್ರೂ ತೂತುಗಳನ್ನು ಅರದಲ್ಲಿ ಉದ್ದಕ್ಕೆ ಉಜ್ಜಿ, ಅವು ಹಿಂದೆ ಮುಂದೆ ಸರಿಯುವ ಹಾಗೆ ಮಾಡಿದೆ. ಶುಕ್ರವಾರ ಅಪ್ಪ ಮಧುವನಹಳ್ಳಿಯ ಮಗ್ಗವೊಂದನ್ನು ನೋಡಲು ಹೋಗಿದ್ದರು. ಆಂಪ್ಲಿಫೈಯರ್ ಇಲ್ಲದೆ ಬೇಸಿನ ದನಿ ಏನೂ ಸಾಲದು. ಅದರ ಮರಕ್ಕೇ ಕಿವಿ ಇಡಬೇಕಾಯಿತು. ಗಿಟಾರ್ ಅವರ ತೊಡೆಯ ಮೇಲಿತ್ತು.

“ಒತ್ದೆ ಬುಟ್ಟು ಮೀಟಿ. ಈಗ ಹನ್ನೆರಡ್ನೇ ಮೆಟ್ಟು ಒತ್ತಿ ಮೀಟಿ.”

“ಕೇಳ್ತಾ ಅದಾ?”

“ಹಿಂದಿಕ್ಕೆ ಒಸಿ… ಇನ್ನೊಂಚೂರು. ಉಸ್ರು ಬುಡ್ಬೇಡಿ, ಅದೂ ಕೇಳ್ತದೆ.”

“ಉಸ್ರು ಬುಡ್ದೆ ಎಷ್ಟೊತ್ತು ಕೂರದು ಕಣ್ರಿ?”

“ಮೂರು ತಂತಿ ಅವೆ ಇನ್ನೂ.”

ನಾಲ್ಕೂ ಕೂತವು. ಸಾಲು ಕೆಟ್ಟು ಸೊಟ್ಟಗೆ ನಿಂತಿದ್ದವು, ದನಿ ಸರಿಯಾಗಿತ್ತು. ನಾನು ತಲೆ ಎತ್ತುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಅವರೂ ಗಿಟಾರ್ ಸರಿಸಲಿಲ್ಲ. ಹೊಳೆಯುವ ಬ್ರಿಡ್ಜನ್ನು ಕಾಗದದಲ್ಲಿ ಸುತ್ತಿ, “ಇದ ವಾಪಸ್ ಕಳಿಸ್ತೀನಿ, ನೀವ್ ಮಾಡಿದ್ದೇ ಇರ್ಲಿ,” ಎಂದು ಹೊರಟರು.

ಮೈಸೂರಿನವರು ಒಪ್ಪಿದರೆಂದು ಬೀದಿಯಲ್ಲಿ ಯಾರೋ ಹೇಳಿದರು. ಒಳ್ಳೆಯದಾಯಿತು ಎಂದೆ. ಆ ವಾರ ಎರಡು ಹಿತ್ತಾಳೆ ತುಂಡು ಹಾಳು ಮಾಡಿದೆ.

ತಿಂಗಳಾದ ಮೇಲೆ ಒಂದು ಭಾನುವಾರ ಷಡಕ್ಷರಿ ಗಿಟಾರ್ ಚೀಲ ಹೊತ್ತು ಮೆಟ್ಟಿಲ ಕೆಳಗೇ ನಿಂತಿದ್ದರು.

“ಏನ್ ಸಾ, ಸಡ್ಲ ಆಯ್ತಾ?” ಎಂದರು ಅಪ್ಪ.

ಅವರು ಚೀಲವನ್ನು ಕೆಳಗಿನ ಮೆಟ್ಟಿಲ ಮೇಲೆ ಇಳಿಸಿದರು. ಸುಳ್ಳು ಹೇಳಿದರೆ ಮೆಟ್ಟಿಲು ಹತ್ತುವ ಹಾಗಿಲ್ಲ, ನಿಜ ಹೇಳಿದರೆ ಹತ್ತುವುದಕ್ಕೆ ಕಾರಣವಿಲ್ಲ. ನನ್ನನ್ನೇ ನೋಡುತ್ತ ನಿಂತರು.

ನಾನು ಇಳಿದು ಹೋಗಿ ಚೀಲ ಬಿಚ್ಚಿ, ಸ್ಕ್ರೂಡ್ರೈವರ್ ಹಾಕಿ ಒಂದೊಂದೇ ನೋಡಿದೆ. ನಾಲ್ಕೂ ಒಂದಿಷ್ಟೂ ಅಲುಗಲಿಲ್ಲ.

“ಮೂರ್ನೇದು ಸಡ್ಲ ಆಗ್ಬುಟ್ಟದೆ ಅಪ್ಪ,” ಎಂದೆ. “ತಿಂಗ್ಳು ತಿಂಗ್ಳೂ ನೋಡ್ಬೇಕಾಯ್ತದೆ.”

ಅಪ್ಪ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು.

“ನೀನ್ ಬಿಗಿ ಮಾಡಿದ್ದು ಸಡ್ಲ ಆಗಿದ್ದು ಇದೇ ಮೊದ್ಲು ಕಣವ್ವಾ,” ಎಂದು, ಒಳಗೆ ಅಮ್ಮನಿಗೆ ಇನ್ನೊಂದು ಲೋಟ ಕಾಫಿ ಹೇಳಿದರು.