ನೆರಳಿನ ತೊಟ್ಟಿ

ಬೆಳಿಗ್ಗೆ ಟ್ರೇಯ ಮೇಲಿನ ಬಟ್ಟೆ ಸರಿಸಿದಾಗ ಮೊಟ್ಟೆಗಳೆಲ್ಲ ಬೆಳ್ಳಗಾಗಿದ್ದವು. ಜೀವ ಹಿಡಿದ ಮೊಟ್ಟೆ ತಿಳಿಜೇನಿನ ಬಣ್ಣದಲ್ಲಿ ಹೊಳೆಯುತ್ತದೆ. ಹಿಡಿಯದ್ದು ಒಡೆದ ಹಾಲಿನಂತೆ ಮಂಕಾಗುತ್ತದೆ. ಕ್ಯಾಟ್‌ಫಿಶ್ ಮರಿ ಮಾಡುವ ಆ ಹ್ಯಾಚರಿಯಲ್ಲಿ ಹೀಗಾದದ್ದು ಅದು ಎರಡನೆಯ ಸಲ.

ಒಡತಿ ಟ್ರೇಯನ್ನು ನೋಡಲಿಲ್ಲ; ಹೆಣ್ಣುಮೀನಿನ ಹೊಟ್ಟೆಯಿಂದ ಮೊಟ್ಟೆ ಹಿಂಡಿ ತೆಗೆದ ಲ್ಯಾಬ್‌ನವಳ ಕೈಗಳನ್ನು ನೋಡಿದಳು.

“ಹಿಂಡೋ ಹೊತ್ತು ಮೀರಿಸಿಬಿಟ್ಟೆಯೇನಮ್ಮಾ?”

ಲ್ಯಾಬ್‌ನವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮೇಸ್ತ್ರಿಯ ದನಿ ಬಂತು. “ಅವರ ತಪ್ಪಲ್ಲಕ್ಕ. ಹೆಣ್ಣುಮೀನಿಂದೂ ಅಲ್ಲ. ದೋಷ ಗಂಡಿನಲ್ಲೇ ಇದೆ.”

ವೀರ್ಯದ ಒಂದು ಹನಿಯನ್ನೂ ಪರೀಕ್ಷಿಸದೆ ಅಷ್ಟು ಖಚಿತವಾಗಿ ಅವನು ಹೇಗೆ ಹೇಳಿದ? ಲ್ಯಾಬ್‌ನವಳು ತಿರುಗಿ ನೋಡಿದಳು. ಅವನ ಕಣ್ಣು ಅವಳನ್ನು ತಪ್ಪಿಸಿಕೊಂಡು ಗೋಡೆಗೆ ಅಂಟಿತ್ತು.

ಹಿಂದೆಲ್ಲ ಆ ಕಣ್ಣು ಹಾಗಿರಲಿಲ್ಲ. ಮೊಟ್ಟೆಯ ಬಟ್ಟಲು ಅವಳ ಕೈಯಲ್ಲಿ, ವೀರ್ಯದ ಬಟ್ಟಲು ಅವನ ಕೈಯಲ್ಲಿ. ನಡುವೆ ಒಂದು ಮೊಳದ ಅಂತರ. ನೀರು ತಾಕುವವರೆಗೆ ವೀರ್ಯಾಣುಗಳು ನಿದ್ದೆಯಲ್ಲಿರುತ್ತವೆ. ತಾಕಿದೊಡನೆ ಎದ್ದು ಓಡಿ, ನಿಮಿಷ ತುಂಬುವಷ್ಟರಲ್ಲಿ ಸೋತು ನಿಲ್ಲುತ್ತವೆ. ಆದ್ದರಿಂದ ಎರಡನ್ನೂ ಒಣಗಿದ ಬಟ್ಟಲಿನಲ್ಲಿ ಬೆರೆಸಿ, ಕೊನೆಗೆ ನೀರು ಸುರಿಯಬೇಕು. ಅವಳ ಮಣಿಕಟ್ಟಿನಲ್ಲಿ ಹನಿ ಕಂಡರೆ ಅವನು ಹೆಗಲ ಮೇಲಿನ ಟವೆಲ್ ಚಾಚುತ್ತಿದ್ದ. “ಒರೆಸ್ಕೊಳ್ಳಿ ಮೇಡಂ. ಒಂದು ಹನಿ ಬಿದ್ರೆ ಮದುವೆಗೆ ಮೊದಲೇ ದಿಬ್ಬಣ ಓಡಿಹೋಗುತ್ತೆ.” ಹೇಳುವಾಗ ನಗು ತುಟಿಗೆ ಬರದೆ ಕಣ್ಣಂಚಿನಲ್ಲೇ ಉಳಿಯುತ್ತಿತ್ತು. ಆ ನಗುವಿಗಾಗಿಯೇ ಅವಳು ಎಷ್ಟೋ ಸಲ ಮಣಿಕಟ್ಟು ಒರೆಸದೆ ಬಂದಿದ್ದಳು.

ಕಳೆದ ವಾರ ಒಡತಿ ತಾನಾಗಿ ಅವಳ ಮನೆಗೆ ಬಂದು, ತಮ್ಮನಾದ ಮೇಸ್ತ್ರಿಗೆ ಅವಳನ್ನು ಕೇಳಿದ್ದಳು. ಮೊದಲ ಹೆಂಡತಿ ಬಿಟ್ಟುಹೋದವನೆಂದು ತಾಯಿ ತಡವರಿಸಿದಾಗ, ಮಗಳೇ ನಾಚಿಕೆ ಬದಿಗಿಟ್ಟು ತನಗೆ ಒಪ್ಪಿಗೆ ಎಂದಿದ್ದಳು. ಮರುದಿನ ಅವನು ಬೇಡವೆಂದು ಅಕ್ಕನ ಕೈಲೇ ಹೇಳಿಕಳುಹಿಸಿದ. ಕಾರಣ ಹೇಳಲಿಲ್ಲ. ಅಂದಿನಿಂದ ಟವೆಲ್ ಹೆಗಲಿನಿಂದ ಇಳಿದಿರಲಿಲ್ಲ.

ಗಂಡಿನ ದೋಷವಾದರೆ ಗಂಡುಮೀನುಗಳನ್ನೆಲ್ಲ ಸಂಜೆಯೇ ಮಾರುಕಟ್ಟೆಗೆ ಸಾಗಿಸಿ ಎಂದಳು ಒಡತಿ. ‘ಮಾವ’ನೂ ಸೇರಿ. ಭಾರಿ ಮೀಸೆಯ ಆ ಹಳೆಯ ಗಂಡಿಗೆ ಹ್ಯಾಚರಿಯವರಿಟ್ಟ ಹೆಸರು ಅದು. ಈ ಜಾತಿಯ ಗಂಡಿನ ಹೊಟ್ಟೆ ಒತ್ತಿದರೆ ವೀರ್ಯ ಬರುವುದಿಲ್ಲ; ಕೊಯ್ದೇ ತೆಗೆಯಬೇಕು. ಎಲ್ಲರೂ ಕೊಂದು ತೆಗೆಯುತ್ತಾರೆ. ಮೇಸ್ತ್ರಿ ಮಾತ್ರ ಮಾವನನ್ನು ಮತ್ತಿನ ಮದ್ದು ಬೆರೆಸಿದ ನೀರಿನಲ್ಲಿ ಮಲಗಿಸಿ, ಬೇಕಾದಷ್ಟೇ ತೆಗೆದು, ಹೊಲಿಗೆ ಹಾಕಿ, ಗಾಯ ಮಾಯುವವರೆಗೆ ನೆರಳಿನ ತೊಟ್ಟಿಯಲ್ಲಿಟ್ಟು ಸಾಕಿದ್ದ; ಕೆಟ್ಟುಹೋದ ಈ ಎರಡೂ ಸಲ ಮಾವನನ್ನು ಬಳಸಿರಲಿಲ್ಲ. ಅಂಥವನು ಈಗ ತಲೆಯಾಡಿಸಿ, ಬಲೆ ತರಲು ಹೊರಟ.

ಲ್ಯಾಬ್‌ನವಳು ಅವನಿಗೆ ಅಡ್ಡ ಬಂದಳು. ಮೊದಲು ಪರೀಕ್ಷೆ ಮಾಡಿ ನೋಡೋಣ ಎಂದು ಪಟ್ಟು ಹಿಡಿದಳು.

ತಗಡಿನ ಸೂರಿನ ಕೆಳಗಿನ ದೊಡ್ಡ ತೊಟ್ಟಿಯಿಂದ ಎರಡು ಗಂಡುಗಳನ್ನು ತಂದು ಕೊಯ್ದರು. ಮೈಕ್ರೊಸ್ಕೋಪಿನ ಕೆಳಗೆ ನೀರು ತಾಕಿಸಿದಾಗ ಅಲ್ಲೊಂದು ಇಲ್ಲೊಂದು ವೀರ್ಯಾಣು ಮಿಸುಕಿ ಸುಮ್ಮನಾಯಿತು. ಮೇಸ್ತ್ರಿ ನೋಡಿ ನಿಟ್ಟುಸಿರುಬಿಟ್ಟ; ನಾನು ಹೇಳಲಿಲ್ಲವೇ ಎಂಬಂತೆ. ಆಮೇಲೆ ಮಾವನ ಸರದಿ. ಮೇಸ್ತ್ರಿ ಅದನ್ನು ಮತ್ತಿನಲ್ಲಿ ಮಲಗಿಸಿ, ಹಳೆಯ ಹೊಲಿಗೆಯ ಪಕ್ಕದಲ್ಲೇ ಹೊಟ್ಟೆ ತೆರೆದ. ಅವಳು ಗಾಜಿಗೆ ಹನಿ ಸವರಿ, ನೀರು ತಾಕಿಸಿ, ಬಗ್ಗಿದಳು. ಕುದಿವ ಎಸರಿನಂತೆ ಇಡೀ ಗಾಜು ಕದಲುತ್ತಿತ್ತು.

ಅವಳು ಎದ್ದುಹೋಗಿ ತಗಡಿನ ಕೆಳಗಿನ ತೊಟ್ಟಿಯಲ್ಲಿ ಕೈಯದ್ದಿದಳು. ಸ್ನಾನದ ನೀರಿನಷ್ಟು ಬಿಸಿ. ಮೀನುಗಳಿಗೆ ತಿರುಗಲೂ ಜಾಗವಿಲ್ಲದಷ್ಟು ಇಕ್ಕಟ್ಟು. ನೆರಳಿನ ತೊಟ್ಟಿ ತಣ್ಣಗಿತ್ತು. ತಗಡಿಗೆ ಹೊದಿಕೆ ಹಾಕಿ, ಮೀನುಗಳನ್ನು ಬಿಡಿಬಿಡಿಯಾಗಿಟ್ಟರೆ ಇವೂ ಚೇತರಿಸಿಕೊಂಡಾವು ಎಂದು ಬಂದು ಹೇಳಿದಳು.

ಅವನು ಸೂಜಿಯಲ್ಲಿ ಮಾವನ ಹೊಟ್ಟೆ ಹೊಲಿಯುತ್ತಿದ್ದ. “ಮಾವ ಪುಣ್ಯವಂತ,” ಎಂದ. “ನನ್ನನ್ನ ಯಾವ ನೆರಳಿಗೆ ಹಾಕಿದ್ರೂ ಪ್ರಯೋಜನ ಇಲ್ಲ.”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವನೇ, ಹೊಲಿಗೆಯಿಂದ ಕಣ್ಣೆತ್ತದೆ, ಎಲ್ಲವನ್ನೂ ಹೇಳಿದ. ಮೊದಲ ಹೆಂಡತಿ ವರ್ಷಗಟ್ಟಲೆ ಆಸ್ಪತ್ರೆ ಅಲೆದಳು, ಚುಚ್ಚಿಸಿಕೊಂಡಳು, ಗಂಡನ ಅಕ್ಕನ ಕೊಂಕು ಕೇಳಿದಳು. ಇವನನ್ನು ಯಾರೂ ಪರೀಕ್ಷೆಗೆ ಕಳುಹಿಸಲಿಲ್ಲ, ಇವನೂ ಹೋಗಲಿಲ್ಲ. ಅವಳು ಸೋತು ತವರಿಗೆ ಹೋದ ಮೇಲಷ್ಟೇ ಪರೀಕ್ಷೆ ಮಾಡಿಸಿಕೊಂಡ. ಕೊರತೆ ಇವನದೇ ಎಂದರು; ಮದ್ದಿಲ್ಲ ಎಂದರು. ಅಷ್ಟರಲ್ಲಿ ಅವಳಿಗೆ ಬೇರೆ ಮದುವೆಯಾಗಿತ್ತು. ಅಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಬೆಳಿಗ್ಗೆ ನೋಡದೆಯೇ ಗಂಡಿನ ದೋಷವೆಂದದ್ದು ಏಕೆಂದು ಲ್ಯಾಬ್‌ನವಳಿಗೆ ಈಗ ತಿಳಿಯಿತು. ಸಿಟ್ಟೂ ಬಂತು.

“ಬೇಡ ಅಂದಿದ್ದು ನನ್ನನ್ನೋ, ಮದುವೆಯನ್ನೋ?”

ಸೂಜಿ ನಿಂತಿತು. “ನಿಮ್ಮನ್ನ ಬೇಡ ಅನ್ನೋಕೆ ನನಗೆ ಬಾಯಿ ಬರುತ್ತೇನ್ರೀ?”

ಒಪ್ಪಿಗೆ ಹೇಳಿದ ರಾತ್ರಿ ಅವಳು ಒಂದು ಮಗುವಿನ ಮುಖವನ್ನೂ ಕಲ್ಪಿಸಿಕೊಂಡಿದ್ದಳು, ಅವನದೇ ಕಣ್ಣಂಚು. ಆ ಮುಖವನ್ನು ಈಗ ಮೆಲ್ಲನೆ ಕೆಳಗಿಡಬೇಕಿತ್ತು. ನೋವಾಯಿತು.

“ಮಗು ಬೇಕು ಅನ್ನೋ ಆಸೆ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಆ ಆಸೆ ಹುಟ್ಟಿದ್ದೇ ನಿಮ್ಮಿಂದ. ನಿಮ್ಮನ್ನ ಬಿಟ್ಟು ಅದನ್ನ ಇಟ್ಕೊಂಡು ಏನ್ ಮಾಡ್ಲಿ?” ದನಿ ಗಟ್ಟಿಮಾಡಿಕೊಂಡಳು. “ಮೊದಲು ಅಕ್ಕನಿಗೆ ಹೇಳಿ. ಆ ಹೆಣ್ಣಿನ ಮೇಲಿರೋ ಮಾತು ಇಳೀಬೇಕು. ಆಮೇಲೆ ನನ್ನ ಹತ್ರ ಬನ್ನಿ.”

ಅವನು ಗಂಟು ಬಿಗಿದು, ಮಾವನನ್ನು ನೆರಳಿನ ತೊಟ್ಟಿಗೆ ಬಿಟ್ಟು, ಹೊರಗೆ ನಡೆದ.

ಕಿಟಕಿಯಿಂದ ಮಾತು ಕೇಳಿಸುತ್ತಿರಲಿಲ್ಲ. ಒಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು; ಕೈ ಜಾರಿತು; ಮೀನಿನ ಆಹಾರದ ಚೀಲದ ಮೇಲೆ ಕುಸಿದು ಕುಳಿತಳು. ತಮ್ಮ ಅವಳ ಕಾಲಬಳಿ ಕುಕ್ಕರಿಸಿದ. ಕೊನೆಗೆ ಅಕ್ಕನ ಕೈ ಅವನ ತಲೆಯ ಮೇಲೆ ಬಂತು.

ಒಳಗೆ ಬಂದ ಒಡತಿಯ ಕಣ್ಣು ಕೆಂಪಾಗಿತ್ತು. “ಆ ಹುಡುಗಿಗೆ ನಾನು ಅನ್ನಬಾರದ್ದೆಲ್ಲ ಅಂದೆ,” ಎಂದಳು. ಹೋಗಿ ತಮ್ಮನ ಆ ಮೊದಲ ಹೆಂಡತಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವೆನೆಂದಳು. ತಮ್ಮನ ಮದುವೆಯ ವಿಷಯ ಮತ್ತೆ ಎತ್ತುವ ಧೈರ್ಯ ಅವಳಿಗೆ ಬರಲಿಲ್ಲ. ಬೆಳ್ಳಗಾದ ಟ್ರೇಯನ್ನು ತಾನೇ ಎತ್ತಿಕೊಂಡು ಹೋದಳು.

ಇನ್ನೊಂದು ಹೆಣ್ಣುಮೀನು ಅಂದೇ ಹದಕ್ಕೆ ಬಂದಿತ್ತು. ಅವಳು ಮೊಟ್ಟೆ ಹಿಂಡಿ ಬಟ್ಟಲು ಹಿಡಿದಳು. ಅವನು ಮಾವನ ವೀರ್ಯದ ಬಟ್ಟಲು ಹಿಡಿದು ಎದುರು ಬಂದ. ನಿಂತ. ಅವಳ ಮಣಿಕಟ್ಟಿನಲ್ಲಿ ಒಂದು ಹನಿ ಇತ್ತು; ಅವಳು ಒರೆಸಿಕೊಂಡಿರಲಿಲ್ಲ.

ಅವನು ಹೆಗಲಿನಿಂದ ಟವೆಲ್ ತೆಗೆದ. ಚಾಚಲಿಲ್ಲ, ತಾನೇ ಒರೆಸಿದ, ತುಂಬ ನಿಧಾನವಾಗಿ.

“ನಾಳೆ ನಿಮ್ಮ ಮನೆಗೆ ಬರ್ತೀನಿ. ಅಮ್ಮನಿಗೂ ಎಲ್ಲ ಹೇಳ್ತೀನಿ. ಆಮೇಲೂ ನಿಮ್ಮನ್ನ ಕೇಳಬಹುದಾ?”

“ಕೇಳಿ.”

ಬಟ್ಟಲುಗಳು ಒಂದಾದವು. ಅವನು ಚೊಂಬು ಎತ್ತಿ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ನೀರು ಸುರಿದ.